ಮೋಡಕ್ಕೂ ನೆಲಕ್ಕೂ ನಡುವಣ ಸೆಳೆತ

ಒಣಗಿದ ಕೂದಲನ್ನು ಬಾಚಿದ ಹಣಿಗೆಯನ್ನು ಕಾಗದದ ಚೂರುಗಳ ಸಮೀಪಕ್ಕೆ ತಂದರೆ ಅವು ಹಾರಿಬಂದು ಅದಕ್ಕೆ ಅಂಟಿಕೊಳ್ಳುವುದನ್ನು ನಾವೆಲ್ಲರೂ ಬಲ್ಲೆವು. ಹುಡುಗರ ಆಟದಂತೆ ತೋರುವ ಈ ಸೆಳೆತವೇ ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಬಯಲಿನ ರೈತನ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಆದುದರಿಂದ ಇದರ ನಿಯಮವನ್ನು ನಾವು ಅರಿಯುವುದು ಕೇವಲ ಪಾಂಡಿತ್ಯಕ್ಕಾಗಿ ಅಲ್ಲ.

ವಿದ್ಯುದಾವೇಶದಲ್ಲಿ ಧನವೆಂದೂ ಋಣವೆಂದೂ ಎರಡು ಬಗೆ. ಸಜಾತಿಗಳು ಒಂದನ್ನೊಂದು ದೂಡುತ್ತವೆ, ವಿಜಾತಿಗಳು ಸೆಳೆಯುತ್ತವೆ. ಈ ಬಲದ ನಿಯಮವನ್ನು ಫ್ರಾನ್ಸ್ ದೇಶದ ಕೂಲಂಬ್ ಎಂಬ ಇಂಜಿನಿಯರನು 1785ರಲ್ಲಿ, ನವುರಾದ ತಂತಿಯ ತಿರುಚನ್ನು ಅಳೆಯುವ ತಕ್ಕಡಿಯಿಂದ ಪರೀಕ್ಷಿಸಿ ತಿಳಿಸಿದನು. ಒಂದು ಆವೇಶವನ್ನು ಇಮ್ಮಡಿ ಮಾಡಿದರೆ ಬಲವೂ ಇಮ್ಮಡಿಯಾಗುತ್ತದೆ. ಅಂತರವನ್ನು ಇಮ್ಮಡಿ ಮಾಡಿದರೆ ಬಲವು ನಾಲ್ಕರಲ್ಲೊಂದು ಪಾಲಿಗೆ, ಮುಮ್ಮಡಿ ಮಾಡಿದರೆ ಒಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ತಲಾ 1 ಕೂಲಂಬಿನ ಎರಡು ಆವೇಶಗಳನ್ನು 1 ಮೀಟರ್ ಅಂತರದಲ್ಲಿಡಲು ಸಾಧ್ಯವಾದರೆ, ಅವುಗಳ ನಡುವಣ ಬಲವು ಸುಮಾರು 9 ಲಕ್ಷ ಟನ್ ಭಾರಕ್ಕೆ ಸಮವಾದೀತು.

ಕಾಗದದ ಚೂರಿಗೆ ಆವೇಶವೇ ಇಲ್ಲವಲ್ಲ, ಅದು ಹಾರಿಬರುವುದೇಕೆ ಎಂದು ಕೇಳಬಹುದು. ಅದರಲ್ಲಿ ಧನ ಋಣಗಳೆರಡೂ ಸಮನಾಗಿವೆ. ಹಣಿಗೆಯು ಋಣವಾಗಿದ್ದರೆ ಚೂರಿನ ಋಣವು ತುಸು ಆಚೆಗೆ ಸರಿಯುತ್ತದೆ. ಧನವು ಹತ್ತಿರ ಉಳಿಯುತ್ತದೆ. ಹತ್ತಿರದ ಸೆಳೆತವು ದೂರದ ದೂಡುವಿಕೆಯನ್ನು ಮೀರುತ್ತದೆ.

ಸಿಡಿಲಿನಲ್ಲಿ ಮೋಡವು ಹಣಿಗೆ, ನೆಲವು ಕಾಗದ. ಮೋಡದೊಳಗೆ ಹಿಮದ ಕಣಗಳು ಒಂದಕ್ಕೊಂದು ತಾಕಿ ಆವೇಶಗಳು ಬೇರ್ಪಡುತ್ತವೆ. ಸಾಮಾನ್ಯವಾಗಿ ಕೆಳಭಾಗದಲ್ಲಿ ಋಣವು ಶೇಖರವಾಗುತ್ತದೆ. ಅದು ನೆಲದ ಋಣವನ್ನು ದೂಡಿ ಧನವನ್ನು ಮೇಲೆ ಉಳಿಸುತ್ತದೆ. ಆ ಧನವು ಎತ್ತರದ ಮೊನೆಗಳಲ್ಲಿ ದಟ್ಟವಾಗುತ್ತದೆ. ಮೋಡದಿಂದಿಳಿಯುವ ಕಿಡಿಯು ಮೊನೆಯಿಂದೇಳುವ ಕಿಡಿಯನ್ನು ಸಂಧಿಸಿದೊಡನೆ ಸಿಡಿಲು ಬಡಿಯುತ್ತದೆ.

ಶ್ರೀರಂಗಪಟ್ಟಣದ ನೆರೆಯ ಕಿರಂಗೂರಿನ ಗದ್ದೆಬಯಲನ್ನು ಭಾವಿಸೋಣ. ಸಮತಟ್ಟಾದ ಬಯಲಿನಲ್ಲಿ ಒಂಟಿ ಮರವೇ ಅಂಥ ಮೊನೆ. ನೆನೆಯಬಾರದೆಂದು ಅದರ ಬುಡಕ್ಕೆ ಓಡುವುದು ಸಹಜ. ಆದರೆ ಮರಕ್ಕೆ ಬಡಿದ ಸಿಡಿಲು ಪಕ್ಕದವನ ಮೈಗೆ ನೆಗೆಯಬಹುದು, ನೆಲದಲ್ಲಿ ಹರಡಿ ಕಾಲುಗಳಿಂದ ಏರಬಹುದು. ಮರವಿಲ್ಲದೆಡೆಯಲ್ಲಿ ನಿಂತ ಮನುಷ್ಯನೇ ಮೊನೆ. ಗುಡುಗು ಕೇಳಿದೊಡನೆ ಗಟ್ಟಿಯಾದ ಮನೆಯನ್ನೋ ಮುಚ್ಚಿದ ಲೋಹದ ವಾಹನವನ್ನೋ ಸೇರಬೇಕು. ಕಡೆಯ ಗುಡುಗಿನ ಅನಂತರ 30 ನಿಮಿಷ ಹೊರಬರಬಾರದು. ಸಿಡಿಲು ತಗುಲಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವನನ್ನು ಮುಟ್ಟಲು ಅಂಜದೆ, ಉಸಿರು ನಿಂತಿದ್ದರೆ ಕೂಡಲೇ ಉಪಚಾರಕ್ಕೆ ತೊಡಗುವುದು ನಮ್ಮ ಕರ್ತವ್ಯ.