ಕಬ್ಬಿನ ಹೊಲದ ಪರ್ಪಾಟಕ: ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು

ಮುಂಗಾರಿನ ಒಂದೆರಡು ಹದವಾದ ಮಳೆಗಳಾದ ಬಳಿಕ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಮಡ್ಡಿ ಭೂಮಿಗಳಲ್ಲಿ, ಹೊಲದ ಬದುಗಳಲ್ಲಿ, ಕಬ್ಬಿನ ಸಾಲುಗಳ ನಡುವೆ ನೆಲಕ್ಕೆ ಅಂಟಿದಂತೆ ಹಬ್ಬುವ ಒಂದು ಪುಟ್ಟ ಗಿಡವನ್ನು ತಾವು ಗಮನಿಸಿರಬಹುದು. ಇದರ ಹೂ ಸಾಸಿವೆ ಕಾಳಿನಷ್ಟೇ ಗಾತ್ರದ್ದು. ಬಿಳಿ, ಕೆಲವೊಮ್ಮೆ ತಿಳಿ ನೇರಳೆ. ಇದೇ ಪರ್ಪಾಟಕ. ಇದರ ಸಸ್ಯಶಾಸ್ತ್ರೀಯ ಹೆಸರು ಓಲ್ಡನ್‌ಲ್ಯಾಂಡಿಯಾ ಕೊರಿಂಬೋಸಾ; 1753ರಲ್ಲಿ ಲಿನೇಯಸ್ ನೀಡಿದ ಹೆಸರಿದು. ಹೆಡಿಯೋಟಿಸ್ ಕೊರಿಂಬೋಸಾ ಎಂಬ ಹೆಸರೂ ಗ್ರಂಥಗಳಲ್ಲಿ ಬಳಕೆಯಲ್ಲಿದೆ.

ಈ ಗಿಡ ಕಾಫಿಯ ಕುಟುಂಬಕ್ಕೆ ಸೇರಿದ್ದು. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ; ಆ ಎರಡು ಎಲೆಗಳ ಬುಡಗಳನ್ನು ಕಾಂಡದ ಮೇಲೆ ಒಂದು ತೆಳು ಪೊರೆ ಕೂಡಿಸುತ್ತದೆ. ಕಾಫಿ ಗಿಡದ ಗಣ್ಣಿನಲ್ಲಿಯೂ ಇಂಥದೇ ಪೊರೆಯಿದೆ. ಕಾಂಡ ನಾಲ್ಕು ಮೂಲೆಯದು, ಎಲೆ ಕಿರಿದು, ಅಂಚಿನಲ್ಲಿ ಹಲ್ಲುಗಳಿಲ್ಲ. ಎಲೆಯ ಕಂಕುಳಿನಿಂದ ಹೊರಡುವ ಒಂದೇ ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ಹೂಗಳಿದ್ದು, ಪ್ರತಿ ಹೂವಿಗೆ ನಾಲ್ಕು ದಳಗಳಿರುತ್ತವೆ. ಆದರೆ ಸ್ವಭಾವದಲ್ಲಿ ಇದು ಕಾಫಿಗೆ ತೀರ ವಿರುದ್ಧ. ಕಾಫಿ ನೆರಳನ್ನು ಬಯಸಿದರೆ, ಪರ್ಪಾಟಕವು ಸುಡುಬಿಸಿಲಿನಲ್ಲಿಯೇ ಚುರುಕಾಗಿ ಬೆಳೆಯುತ್ತದೆ. ಉತ್ತರ ಒಣ ವಲಯದ ಬಿಸಿಲು ಇದಕ್ಕೆ ಹಿಡಿಸಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಇದು ಬೆಳೆಗೆ ಶತ್ರುವೇ? ಕಬ್ಬಿನ ಮೊದಲ ಮೂರು-ನಾಲ್ಕು ತಿಂಗಳು ಕಳೆಗಳ ಪೈಪೋಟಿಗೆ ನಿರ್ಣಾಯಕವಾದುವು ಎಂಬುದು ನಿಜ. ಆದರೆ ಆ ಅವಧಿಯಲ್ಲಿ ನಿಜವಾಗಿ ನಷ್ಟ ತರುವವು ಜೇಕು, ಕರಿಕೆ, ಕಾಂಗ್ರೆಸ್ ಕಸದಂಥ ಬಲಿಷ್ಠ ಕಳೆಗಳು. ಗೇಣುದ್ದದ ಈ ಗಿಡಕ್ಕಾಗಿಯೇ ಬೇರೊಂದು ಸಿಂಪರಣೆ ಮಾಡುವುದು ಹಣದ ಪೋಲು. ಇದರ ಬೀಜಗಳು ಧೂಳಿನಷ್ಟು ಸಣ್ಣವು. ಮೊಳೆಯಲು ಅವುಗಳಿಗೆ ಬೆಳಕು ಬೇಕು. ಆದ್ದರಿಂದ ಕಬ್ಬಿನ ರವದಿಯನ್ನು ಸುಡದೆ ಸಾಲುಗಳ ನಡುವೆ ಹೊದಿಸಿದರೆ ಇದು ತಾನಾಗಿಯೇ ಹಿಂಜರಿಯುತ್ತದೆ. ಹೊದಿಕೆಯಿಲ್ಲದ ಕಡೆ ಹೂ ಬಿಡುವ ಮುನ್ನ ಒಮ್ಮೆ ಎಡೆಕುಂಟೆ ಹೊಡೆದರೆ ಸಾಕು. ಕಾಯಿ ಕಟ್ಟಿದ ಮೇಲೆ ಕಿತ್ತರೆ, ಕಿತ್ತ ಗಿಡವನ್ನು ಹೊಲದಲ್ಲಿಯೇ ಬಿಡಬಾರದು.

ಕಬ್ಬಿನಲ್ಲಿ ಈರುಳ್ಳಿ, ಶೇಂಗಾ ಅಥವಾ ಸೋಯಾ ಅವರೆಯನ್ನು ಅಂತರ ಬೆಳೆಯಾಗಿ ತೆಗೆದುಕೊಂಡಿರುವವರು ಅಟ್ರಾಜಿನ್ ಬಳಸಲೇಬಾರದು. ಅಂತರ ಬೆಳೆ ಮೊದಲು ಸಾಯುತ್ತದೆ. ಅಗಲ ಎಲೆಯ ಕಳೆಗಳಿಗೆಂದು 2,4-ಡಿ ಸಿಂಪಡಿಸುವವರು ಪಕ್ಕದ ಹೊಲದಲ್ಲಿ ಹತ್ತಿ ಅಥವಾ ದ್ರಾಕ್ಷಿ ಇದೆಯೇ ಎಂದು ಮೊದಲು ನೋಡಬೇಕು. ಗಾಳಿಯಲ್ಲಿ ತೇಲಿ ಹೋದ ಅಲ್ಪ ಪ್ರಮಾಣದಿಂದಲೂ ಈ ಬೆಳೆಗಳ ಎಲೆ ಸುರುಟುತ್ತದೆ. ನೆರೆಹೊರೆಯ ಎಷ್ಟೋ ಜಗಳಗಳಿಗೆ ಇದೇ ಮೂಲ.

ಬದುವಿನ ಮಾತು ಬೇರೆ. ಬದುವಿನ ಮೇಲಿನ ಪರ್ಪಾಟಕವನ್ನು, ಅದರೊಡನೆ ಬೆಳೆಯುವ ಸಣ್ಣ ಹುಲ್ಲುಗಳನ್ನು ಬಿಡುವುದೇ ಲೇಸು. ಬೇರುಗಳು ಬದುವಿನ ಮಣ್ಣನ್ನು ಹಿಡಿಯುತ್ತವೆ. ಬದುವನ್ನು ಬೋಳು ಮಾಡಲು ಗ್ಲೈಫೋಸೇಟ್ ಹೊಡೆಯುವ ರೂಢಿ ಹರಡಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿರುವುದನ್ನು ವಿಸ್ತರಣಾ ಕಾರ್ಯಕರ್ತರು ರೈತರಿಗೆ ತಿಳಿಸಬೇಕು.

ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವಿದೆ. ಪರ್ಪಾಟಕವು ಜ್ವರದ ಕಷಾಯಕ್ಕೆ ಹೆಸರಾದ ಮೂಲಿಕೆ. ಆಯುರ್ವೇದದ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಪರ್ಪಾಟಕವೂ ಒಂದು, ಭದ್ರಮುಷ್ಟಿಯೂ ಒಂದು. ಭದ್ರಮುಷ್ಟಿಯೆಂದರೆ ನಮ್ಮ ಜೇಕಿನ ಗಡ್ಡೆಯೇ! ಮೂಲಿಕೆ ಆಯುವವರಿಗೆ ಯಾವ ಬದುವಿಗೆ ಎಂದು ಔಷಧ ಹೊಡೆಯಲಾಗಿದೆ ಎಂಬುದು ತಿಳಿದಿರುವುದಿಲ್ಲ. ಗಿಡ ಬಾಡುವ ಮುನ್ನವೇ ಕಿತ್ತು ಕುದಿಸಿದರೆ ಕಳೆನಾಶಕವೇ ರೋಗಿಯ ಹೊಟ್ಟೆ ಸೇರುತ್ತದೆ. ಸಿಂಪಡಿಸಿದ ಹೊಲ ಅಥವಾ ಬದುವಿನಿಂದ ಯಾವ ಸೊಪ್ಪನ್ನೂ, ಮೂಲಿಕೆಯನ್ನೂ ಯಾರೂ ಕೀಳದಂತೆ ಸಿಂಪಡಿಸಿದವರೇ ಎಚ್ಚರಿಸಬೇಕು. ಒಂದು ಬಣ್ಣದ ಬಟ್ಟೆಯ ಚೂರನ್ನು ಕೋಲಿಗೆ ಕಟ್ಟಿ ನೆಟ್ಟರೂ ಆದೀತು.

ಹೆಸರಿನ ಗೊಂದಲವೂ ಕಡಿಮೆಯೇನಲ್ಲ. ಉತ್ತರ ಭಾರತದಲ್ಲಿ ಪರ್ಪಾಟಕವೆಂದರೆ ಫ್ಯೂಮೇರಿಯಾ ಎಂಬ ಬೇರೆಯೇ ಗಿಡ. ಕೇರಳದಲ್ಲಿ ಪ್ರಸ್ತುತ ಗಿಡವನ್ನೇ ಬಳಸುತ್ತಾರೆ. ಕೆಲವೆಡೆ ಮೊಲ್ಲುಗೋ ಜಾತಿಯ ಗಿಡಗಳಿಗೂ ಇದೇ ಹೆಸರು. ಮೊಲ್ಲುಗೋದ ಗಣ್ಣಿನಲ್ಲಿ ಎಲೆಗಳು ಜೋಡಿಯಾಗಿರದೆ ಗುಂಪಾಗಿ ಸುತ್ತುವರಿದಿರುತ್ತವೆ. ನೆಲನೆಲ್ಲಿಯಲ್ಲಿ ಎಲೆಗಳು ಒಂದು ಬಿಟ್ಟು ಒಂದರಂತಿದ್ದು, ಅವುಗಳ ಅಡಿಯಲ್ಲಿ ಕಾಯಿಗಳು ಸಾಲಾಗಿ ತೂಗುತ್ತವೆ. ಹೀಗಾಗಿ ಹೆಸರನ್ನು ಕೇಳಿ ಅಲ್ಲ, ಗಣ್ಣನ್ನು ನೋಡಿ ಗುರುತಿಸಬೇಕು. ಗುರುತು ಸರಿಯಾಗಿದ್ದರೂ ಜ್ವರಕ್ಕೆ ಕಷಾಯವನ್ನೇ ನೆಚ್ಚಿ ಕೂರುವುದು ಅಪಾಯ. ಮಳೆಗಾಲದ ಜ್ವರ ಡೆಂಗಿ ಅಥವಾ ಮಲೇರಿಯಾ ಆಗಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸುವುದನ್ನು ತಡಮಾಡಬಾರದು.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವು 2016ರಲ್ಲಿ ಘೋಷಿತವಾದುದು. ಕುರುಚಲು ಕಾಡು ಮತ್ತು ಹುಲ್ಲುಗಾವಲಿನ ಈ ನೆಲದಿಂದ ಮೂಲಿಕೆ ಕೀಳುವಂತಿಲ್ಲ. ಅಲ್ಲಿನ ಗಿಡಗಳಿಗೂ ಕಾನೂನಿನ ರಕ್ಷಣೆಯಿದೆ. ಬೇಕಾದವರು ತಮ್ಮ ಹಿತ್ತಿಲಿನಲ್ಲಿ, ಮಸಾರಿ ಮಣ್ಣು ತುಂಬಿದ ಅಗಲವಾದ ಕುಂಡದಲ್ಲಿ, ಬೀಜವನ್ನು ಮಣ್ಣಿನಿಂದ ಮುಚ್ಚದೆ ಮೇಲೆಯೇ ಉದುರಿಸಿ, ಬಿಸಿಲಿಗಿಟ್ಟು ನೀರು ಚಿಮುಕಿಸಿ ಬೆಳೆಸಿಕೊಳ್ಳಬಹುದು. ಗುರುತಿನಲ್ಲಿ ಸಂಶಯವಿದ್ದರೆ ಹೂ, ಕಾಯಿ ಎರಡೂ ಇರುವ ಇಡೀ ಗಿಡವನ್ನು ಬೇರುಸಹಿತ ವೃತ್ತಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಕಿತ್ತ ಸ್ಥಳ ಮತ್ತು ದಿನಾಂಕ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು.