ಬೇಸಿಗೆಯ ಬೆಂಕಿ ಮತ್ತು ವರ್ತಕರ ಹೊಣೆ: ಅಗ್ನಿಶಾಮಕ ಅಧಿಕಾರಿ ಬದಲಾದಾಗ ನಾವು ಮಾಡಬೇಕಾದುದೇನು?

ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವ’ ಎಂದು ಹೊರಟುಹೋಗುತ್ತದೆ ಎಂಬುದು ಹಿರಿಯರ ಮಾತು. ಅಲ್ಲಿಂದ ಮುಂಗಾರಿನ ಮೊದಲ ಮಳೆಯವರೆಗಿನ ಅವಧಿ ಮೈಸೂರಿನ ವರ್ತಕರಿಗೆ ಬಿಡುವಿಲ್ಲದ ಕಾಲ. ಮದುವೆಯ ಋತುವಿಗೆಂದು ಜವಳಿ ಬಂದಿಳಿಯುತ್ತದೆ. ಶಾಲೆಗಳು ಮರಳಿ ತೆರೆಯುವ ಮೊದಲೇ ನೋಟ್ ಪುಸ್ತಕ, ಸಮವಸ್ತ್ರ, ಚೀಲಗಳು ಉಪ್ಪರಿಗೆಯವರೆಗೆ ತುಂಬುತ್ತವೆ. ಅಗರಬತ್ತಿ ತಯಾರಕರು ಮಳೆಗಾಲದ ತೇವಕ್ಕೆ ಮುನ್ನವೇ ಸರಕನ್ನು ಒಣಗಿಸಿ ಕಟ್ಟಿಡುತ್ತಾರೆ. ಹೀಗೆ, ಗಾಳಿಯು ಅತ್ಯಂತ ಶುಷ್ಕವಾಗಿರುವ ತಿಂಗಳುಗಳಲ್ಲಿಯೇ ನಮ್ಮ ದಾಸ್ತಾನು ಅತ್ಯಂತ ಹೆಚ್ಚಿರುತ್ತದೆ.

ಇದರೊಡನೆ ಮತ್ತೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಸರ್ಕಾರಿ ನೌಕರರ ಸಾರ್ವತ್ರಿಕ ವರ್ಗಾವಣೆಗಳು ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ ನಡೆಯುತ್ತವೆ. ನಮ್ಮ ಬೀದಿಯ ಮೂಲೆಮೂಲೆಗಳನ್ನು ಬಲ್ಲ ಠಾಣಾಧಿಕಾರಿ ಬೇರೆ ಊರಿಗೆ ಹೋಗುತ್ತಾರೆ. ಬೇರೆ ಜಿಲ್ಲೆಯಿಂದ ಹೊಸಬರು ಬರುತ್ತಾರೆ. ವರ್ಗಾವಣೆ ಆಡಳಿತದ ಸಹಜ ಕ್ರಮ. ಅದನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಅಧಿಕಾರಿಯೊಡನೆ ಹೊರಟುಹೋಗುವ ಸ್ಥಳೀಯ ತಿಳಿವಳಿಕೆಯನ್ನು ಯಾರು ಉಳಿಸಿಕೊಳ್ಳಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಅದು ವರ್ತಕರಾದ ನಮ್ಮದೇ ಕೆಲಸವೆಂಬುದನ್ನು ಮುಂದಿನ ಸಾಲುಗಳಲ್ಲಿ ವಿವರಿಸಲಾಗಿದೆ.

ಮೈಸೂರಿನ ಅನುಭವ

ಬೆಂಕಿಯ ಪಾಠಕ್ಕಾಗಿ ನಾವು ಹೊರಗೆ ಹೋಗಬೇಕಾಗಿಲ್ಲ. 1897ರ ಫೆಬ್ರುವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಮರದಿಂದ ಕಟ್ಟಿದ್ದ ಹಳೆಯ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಿಗೆ ಪ್ರಾಧಾನ್ಯ ದೊರೆಯಿತು. ಅರಮನೆ ಆ ಪಾಠವನ್ನು ಕಲಿಯಿತು. ಆದರೆ ನಗರದ ಹಳೆಯ ಅಂಗಡಿಗಳಲ್ಲಿ ಮರದ ಅಟ್ಟ, ಮರದ ಮೆಟ್ಟಿಲು, ತೊಲೆಗಳ ಮೇಲೆ ಹಾಯಿಸಿದ ತಂತಿಗಳು ಇಂದಿಗೂ ಉಳಿದಿವೆ.

1989ರ ಫೆಬ್ರುವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಹೊತ್ತಿಕೊಂಡ ಬೆಂಕಿಗೆ 62 ಮಂದಿ ಬಲಿಯಾದರು. ಸಡಿಲವಾದ ವಿದ್ಯುತ್ ತಂತಿ, ಗಾಳಿಯಾಡಲು ಅವಕಾಶವಿಲ್ಲದ ಕಟ್ಟಡ, ಗೋಡೆಗಳಿಗೆ ಹೊದಿಸಿದ್ದ ಗೋಣಿಚೀಲ, ನಂದಿಸುವ ಸಾಧನಗಳ ಕೊರತೆ ಇವು ಆಗ ಹೇಳಲಾದ ಕಾರಣಗಳು. ಈ ನಾಲ್ಕೂ ಅಂಶಗಳು ಒಂದು ಸಾಧಾರಣ ಗೋದಾಮಿನಲ್ಲಿ ಇಂದು ಒಟ್ಟಿಗೆ ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ.

2021ರ ಏಪ್ರಿಲ್ 9ರ ನಸುಕಿನಲ್ಲಿ ರಾಜೀವನಗರದಲ್ಲಿ ಶ್ರಮಜೀವಿಯೊಬ್ಬರು ಕಟ್ಟಿ ಬೆಳೆಸಿದ್ದ ಗ್ರಂಥಾಲಯವು ಸುಮಾರು 11,000 ಪುಸ್ತಕಗಳೊಡನೆ ಬೂದಿಯಾಯಿತು. ಬೀಡಿಯ ಕಿಡಿಯೊಂದು ಇದಕ್ಕೆ ಕಾರಣವಾಯಿತೆಂದು ಪೊಲೀಸರು ಅಂದು ತಿಳಿಸಿದ್ದರು. ಬೇಸಿಗೆಯಲ್ಲಿ ಒಣಗಿದ ಕಾಗದಕ್ಕೂ ಬಟ್ಟೆಗೂ ಅಷ್ಟೇ ಸಾಕು.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡದ್ದು 2010ರ ಫೆಬ್ರುವರಿ 23ರಂದು. ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲ್ದಾಣದಲ್ಲಿ ಒಣಹುಲ್ಲಿನ ಮೂಲಕ ಬೆಂಕಿ ಹರಡಿ ಸುಮಾರು 300 ಕಾರುಗಳು ಸುಟ್ಟದ್ದು 2019ರ ಫೆಬ್ರುವರಿ 23ರಂದು. ಇವು ಆಯ್ದ ಉದಾಹರಣೆಗಳೇ ಹೊರತು ಅಂಕಿಅಂಶವಲ್ಲ. ಆದರೂ ಬೇಸಿಗೆಯ ಸಿದ್ಧತೆಗೆ ಏಪ್ರಿಲ್ ತನಕ ಕಾಯಬಾರದೆಂಬ ಸೂಚನೆ ಇವುಗಳಲ್ಲಿದೆ.

ಅಗ್ನಿಶಾಮಕ ಸೇವಾ ಸಪ್ತಾಹದ ಹಿನ್ನೆಲೆ

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ಸ್ಫೋಟಿಸಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆ ಅದು. ಆ ಹಡಗಿನಲ್ಲಿ ಸ್ಫೋಟಕಗಳ ಜೊತೆಯಲ್ಲಿಯೇ ಹತ್ತಿಯ ಮೂಟೆಗಳನ್ನೂ ತುಂಬಲಾಗಿತ್ತು ಎಂಬುದು ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶ. ಒಟ್ಟಿಗೆ ಇಡಬಾರದ ಸರಕುಗಳನ್ನು ಒಟ್ಟಿಗೆ ಇಟ್ಟದ್ದೇ ಆ ಅನಾಹುತದ ಮೂಲ. ಸುಗಂಧ ತೈಲದ ಡಬ್ಬಗಳ ಪಕ್ಕದಲ್ಲಿ ಇದ್ದಿಲು ಪುಡಿ, ಬಣ್ಣ-ತಿನ್ನರ್‌ಗಳ ಮೇಲೆ ರಟ್ಟಿನ ಪೆಟ್ಟಿಗೆ, ಅಡುಗೆ ಅನಿಲದ ಬಳಿ ಬಟ್ಟೆಯ ಗಂಟು ಇರುವಲ್ಲೆಲ್ಲ ಅದೇ ತಪ್ಪು ಸಣ್ಣ ಪ್ರಮಾಣದಲ್ಲಿ ಮರುಕಳಿಸುತ್ತದೆ.

ಇಲಾಖೆಯ ನಾಯಕತ್ವ ಮತ್ತು ನಮ್ಮ ಬೀದಿ

ರಾಜ್ಯದ ಅಗ್ನಿಶಾಮಕ ಸೇವೆಗೆ 1964ರ ಅಧಿನಿಯಮವೇ ಆಧಾರ. ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಮಹಾನಿರ್ದೇಶಕ ಹುದ್ದೆಯನ್ನು ಹಿರಿಯ ಐ.ಪಿ.ಎಸ್. ಅಧಿಕಾರಿಗಳು ನಿರ್ವಹಿಸುತ್ತ ಬಂದಿದ್ದಾರೆ. 2019ರಲ್ಲಿ ಯಲಹಂಕದ ಬೆಂಕಿಯ ಸಮಯದಲ್ಲಿ ಆ ಸ್ಥಾನದಲ್ಲಿದ್ದವರು ಎಂ.ಎನ್. ರೆಡ್ಡಿ. ಮುಂದೆ ಅದೇ ಹೊಣೆಯಲ್ಲಿದ್ದ ಅಲೋಕ್ ಮೋಹನ್ ಅವರು 2023ರ ಮೇ ತಿಂಗಳಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಾದರು. ಬಳಿಕ ಕಮಲ್ ಪಂತ್ ಅವರು ಇಲಾಖೆಯನ್ನು ಮುನ್ನಡೆಸಿದರು. ಕೆಲವೇ ವರ್ಷಗಳಲ್ಲಿ ಇಷ್ಟು ಬದಲಾವಣೆ. ಪ್ರಾದೇಶಿಕ ಅಧಿಕಾರಿ, ಜಿಲ್ಲಾ ಅಧಿಕಾರಿ, ಠಾಣಾಧಿಕಾರಿಗಳ ಹಂತದಲ್ಲಿಯೂ ಹುದ್ದೆ ಇರುತ್ತದೆ, ವ್ಯಕ್ತಿ ಬದಲಾಗುತ್ತಾರೆ.

ಮೇಲಿನ ಹಂತದಲ್ಲಿ ಯಾರು ಬಂದರೂ ನೀತಿಯ ಮುಂದುವರಿಕೆಗೆ ಕಡತಗಳಿವೆ. ಆದರೆ ಬೀದಿಯ ಮಟ್ಟದ ತಿಳಿವಳಿಕೆಗೆ ಕಡತವಿರುವುದು ಅಪರೂಪ. ಉದಾಹರಣೆಗೆ ಲಕ್ಷ್ಮೀಪುರಂ ಬಡಾವಣೆಯನ್ನು ತೆಗೆದುಕೊಳ್ಳೋಣ. ಅರಮನೆಗೆ ಸಮೀಪದ ಈ ಹಳೆಯ ವಸತಿ ಪ್ರದೇಶದಲ್ಲಿ ಮನೆಗಳ ನಡುವೆಯೇ ಅಂಗಡಿ, ಕಚೇರಿ, ಉಪಾಹಾರ ಗೃಹಗಳು ಬೆರೆತಿವೆ. ಸರಸ್ವತೀಪುರಂ ಅಗ್ನಿಶಾಮಕ ಠಾಣೆ ಇಲ್ಲಿಗೆ ದೂರವೇನಲ್ಲ. ಬನ್ನಿಮಂಟಪದಲ್ಲಿ ಮತ್ತೊಂದು ಠಾಣೆಯಿದೆ. ಆದರೆ ದೂರವೊಂದನ್ನೇ ಲೆಕ್ಕ ಹಾಕಿದರೆ ಸಾಲದು. ವಾಹನ ಬೀದಿಯ ತುದಿಗೆ ಬಂದ ಮೇಲೆ ಕಟ್ಟಡವನ್ನು ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ಹಲವು ವೇಳೆ ನಿರ್ಣಾಯಕ. ತಿರುವಿನಲ್ಲಿ ನಿಲ್ಲಿಸಿದ ಸರಕು ವಾಹನ, ತಗ್ಗಾಗಿ ಇಳಿಬಿದ್ದ ಕೇಬಲ್, ಹೊರಚಾಚಿದ ತಗಡಿನ ಮಾಡು ಇವುಗಳಲ್ಲಿ ಒಂದೇ ಸಾಕು, ಸಮೀಪದ ಠಾಣೆಯನ್ನು ದೂರ ಮಾಡಲು.

ನೀರಿನ ಲೆಕ್ಕವೂ ಹಾಗೆಯೇ. ಸಾಮಾನ್ಯ ಗಾತ್ರದ ಜಲವಾಹನವೊಂದು ಸುಮಾರು 4,500 ಲೀಟರ್ ನೀರನ್ನು ಹೊತ್ತು ತರುತ್ತದೆ. ನಿಮಿಷಕ್ಕೆ 450 ಲೀಟರಿನಂತೆ ಸಿಂಪಡಿಸಿದರೆ ಅದು ಹತ್ತೇ ನಿಮಿಷದಲ್ಲಿ ಬರಿದಾಗುತ್ತದೆ. ಅನಂತರದ ನೀರು ಎಲ್ಲಿಂದ? ಯಾವ ಕಟ್ಟಡದ ನೆಲತೊಟ್ಟಿ ದೊಡ್ಡದು, ಯಾವ ಹಿತ್ತಲಿನಲ್ಲಿ ತೆರೆದ ಬಾವಿಯಿದೆ, ಯಾರ ಬಳಿ ಪಂಪ್ ಇದೆ ಎಂಬುದು ಆ ಬೀದಿಯವರಿಗೇ ಗೊತ್ತು. ನೆನ್ನೆ ಅಧಿಕಾರ ವಹಿಸಿಕೊಂಡವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಒಂದು ಪುಟದ ಬೀದಿ ಪತ್ರ

ಆದಕಾರಣ ಪ್ರತಿಯೊಂದು ಬೀದಿಯ ವರ್ತಕರೂ ಒಂದು ಪುಟದ ವಿವರಣಾ ಪತ್ರವನ್ನು ಸಿದ್ಧಪಡಿಸಿಟ್ಟುಕೊಂಡು, ಹೊಸ ಠಾಣಾಧಿಕಾರಿ ಬಂದ ಮೊದಲ ವಾರದಲ್ಲಿಯೇ ಅವರನ್ನು ಕಂಡು ಒಪ್ಪಿಸುವುದು ಉಚಿತ. ಹಾರ-ತುರಾಯಿಗಳಿಗಿಂತ ಇದು ಅವರಿಗೆ ಹೆಚ್ಚು ಉಪಯುಕ್ತವಾದ ಸ್ವಾಗತ. ಪತ್ರದಲ್ಲಿ ಇರಬೇಕಾದವು:

1. ಬೀದಿಯ ಅತಿ ಕಿರಿದಾದ ಜಾಗದ ಅಗಲ. ತಗ್ಗಾದ ತಂತಿ, ಕಮಾನುಗಳ ಎತ್ತರ. ದೊಡ್ಡ ವಾಹನ ಪ್ರವೇಶಿಸಬಹುದಾದ ದಿಕ್ಕು.

2. ನೆಲತೊಟ್ಟಿ, ಬಾವಿ, ಕೊಳವೆಬಾವಿಗಳ ಸ್ಥಳ.

3. ತೈಲ, ತಿನ್ನರ್, ರಾಸಾಯನಿಕ, ಅನಿಲ ಸಿಲಿಂಡರುಗಳನ್ನು ದಾಸ್ತಾನು ಮಾಡಿರುವ ಮಳಿಗೆಗಳು. ಇದನ್ನು ಮುಚ್ಚಿಡುವುದು ನಮ್ಮ ನೆರವಿಗೆ ಬರುವವರ ಪ್ರಾಣಕ್ಕೇ ಅಪಾಯ.

4. ಪ್ರತಿ ಕಟ್ಟಡದ ವಿದ್ಯುತ್ ಮುಖ್ಯ ಸ್ವಿಚ್ ಇರುವ ಸ್ಥಳ ಮತ್ತು ಸಮೀಪದ ಪರಿವರ್ತಕ.

5. ರಾತ್ರಿ ಬೀಗದ ಕೈ ಯಾರ ಬಳಿ ಇರುತ್ತದೆ, ಅವರ ದೂರವಾಣಿ ಸಂಖ್ಯೆ.

6. ರಾತ್ರಿ ಮಲಗುವ ಕೆಲಸಗಾರರು ಅಥವಾ ಮೇಲಂತಸ್ತಿನಲ್ಲಿ ವಾಸಿಸುವ ಕುಟುಂಬಗಳು, ವೃದ್ಧರು ಇರುವ ಕಟ್ಟಡಗಳು.

ಈ ಪತ್ರವನ್ನು ವರ್ಷಕ್ಕೊಮ್ಮೆ, ಜನವರಿ ಮುಗಿಯುವುದರೊಳಗೆ ಪರಿಷ್ಕರಿಸಬೇಕು. ಅಧಿಕಾರಿಗಳು ಬದಲಾದರೂ ಪತ್ರ ಠಾಣೆಯಲ್ಲಿ ಉಳಿಯುತ್ತದೆ. ಒಂದು ಪ್ರತಿ ಬೀದಿಯಲ್ಲಿಯೂ ಉಳಿಯುತ್ತದೆ.

ಮಳಿಗೆಯೊಳಗಿನ ಶಿಸ್ತು

ಬೆಂಕಿಯ ಮೊದಲ ಐದು ನಿಮಿಷ ಇಲಾಖೆಯ ಕೈಯಲ್ಲಿರುವುದಿಲ್ಲ. ಅದು ಮಳಿಗೆಯಲ್ಲಿ ಇರುವವರ ಕೈಯಲ್ಲಿರುತ್ತದೆ.

ವಿದ್ಯುತ್: ಬೇಸಿಗೆಯಲ್ಲಿ ಪಂಖ, ಹವಾನಿಯಂತ್ರಕ, ಶೀತಕಗಳು ಹಳೆಯ ತಂತಿಯ ಮೇಲೆಯೇ ಹೊರೆ ಹಾಕುತ್ತವೆ. ಹರಿಯುವ ವಿದ್ಯುತ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಬಿಸಿಯಾಗುವ ಪ್ಲಗ್, ಕಪ್ಪಾದ ಸ್ವಿಚ್, ಪದೇ ಪದೇ ಬೀಳುವ ಎಂ.ಸಿ.ಬಿ. ಇವು ಮುನ್ನೆಚ್ಚರಿಕೆಗಳು. ಎಂ.ಸಿ.ಬಿ. ಬೀಳುತ್ತದೆಂದು ಅದಕ್ಕಿಂತ ದೊಡ್ಡದನ್ನು ಹಾಕಿಸುವುದು ರೋಗವನ್ನು ಬಿಟ್ಟು ನಾಡಿಯನ್ನು ಮುಚ್ಚಿದಂತೆ. ತಂತಿಯನ್ನೇ ಬದಲಾಯಿಸಬೇಕು, ಮಂಜೂರಾದ ಹೊರೆ ಸಾಲದಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಸಲ್ಲಿಸಿ ಹೆಚ್ಚಿಸಿಕೊಳ್ಳಬೇಕು. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಬಾಗಿಲ ಬಳಿ ಚಾರ್ಜಿಗಿಟ್ಟು ಹೋಗುವ ರೂಢಿ ಹೆಚ್ಚುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ವಿದ್ಯುತ್ ವಾಹನ ಮಳಿಗೆಯಿಂದ ಎದ್ದ ಹೊಗೆ ಮೇಲಿದ್ದ ವಸತಿಗೃಹಕ್ಕೆ ನುಗ್ಗಿ ಎಂಟು ಮಂದಿ ಮೃತಪಟ್ಟದ್ದನ್ನು ಮರೆಯಬಾರದು. ಹೊರಹೋಗುವ ದಾರಿಯಲ್ಲಿ ಎಂದಿಗೂ ಬ್ಯಾಟರಿ ಚಾರ್ಜ್ ಮಾಡಕೂಡದು.

ಅನಿಲ: ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದಾಗ ಅದು ನೆಲದ ಮೇಲೆ, ಚರಂಡಿಯಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಆರಿಸುವುದೂ ಬೇಡ; ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಬಂದು 1906ಕ್ಕೆ ಕರೆ ಮಾಡಬೇಕು.

ನಂದಿಸುವ ಸಾಧನ: ಕಾಗದ, ಬಟ್ಟೆ, ಮರಕ್ಕೆ ನೀರು ಸರಿ, ಎಣ್ಣೆಗೂ ವಿದ್ಯುತ್ ಹರಿಯುವ ಉಪಕರಣಕ್ಕೂ ನೀರು ಅಪಾಯ. ಸಾಮಾನ್ಯ ಮಳಿಗೆಗೆ ಎ.ಬಿ.ಸಿ. ಪುಡಿಯ ಸಾಧನವೂ, ವಿದ್ಯುತ್ ಫಲಕದ ಬಳಿಗೆ ಇಂಗಾಲದ ಡೈಆಕ್ಸೈಡ್ ಸಾಧನವೂ ಯೋಗ್ಯ. ಒತ್ತಡದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಚಿಕ್ಕ ಸಾಧನ ಅರ್ಧ ನಿಮಿಷದೊಳಗೆ ಖಾಲಿಯಾಗುವುದರಿಂದ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಾಯಿಸಬೇಕೆಂಬುದನ್ನು ಪ್ರತಿ ಕೆಲಸಗಾರನೂ ಕೈಯಾರೆ ಮಾಡಿ ಕಲಿತಿರಬೇಕು. ಒಂದು ಸಾಧನಕ್ಕೆ ಬೆಂಕಿ ಮಣಿಯದಿದ್ದರೆ ಸರಕಿನ ಆಸೆ ಬಿಟ್ಟು ಎಲ್ಲರನ್ನೂ ಹೊರತರಬೇಕು. ನಂದಿಸುವ ಯತ್ನಕ್ಕೆ ಮೊದಲೇ 101 ಅಥವಾ 112ಕ್ಕೆ ಕರೆ ಹೋಗಿರಬೇಕು.

ದಾರಿ: ಹಿಂಬಾಗಿಲಿಗೆ ಒಡ್ಡಿದ ಮೂಟೆ, ಕೆಲಸದ ವೇಳೆಯಲ್ಲಿ ಬೀಗ ಹಾಕಿದ ಷಟರ್ ಬೇಡ. ಕಳ್ಳನನ್ನು ಹೊರಗಿಡುವ ಬೀಗ ಕೆಲಸಗಾರನನ್ನು ಒಳಗಿಡಬಾರದು.

ಬಿಸಿಲೂ ಒಂದು ಬೆಂಕಿ

ಬೇಸಿಗೆಯ ಸುರಕ್ಷತೆ ಜ್ವಾಲೆಗಷ್ಟೇ ಸೀಮಿತವಲ್ಲ. ತಗಡಿನ ಮಾಡಿನಡಿ ದುಡಿಯುವವರಿಗೂ ಮೂಟೆ ಹೊರುವವರಿಗೂ ಮಧ್ಯಾಹ್ನದ ಬಿಸಿಲೇ ಅಪಾಯ. ಸರಕು ಇಳಿಸುವ ಕೆಲಸವನ್ನು ಬೆಳಿಗ್ಗೆ ಅಥವಾ ಸಂಜೆಗೆ ಬದಲಿಸಿ, ಕುಡಿಯುವ ನೀರು, ಮಜ್ಜಿಗೆ, ನೆರಳುಗಳ ವ್ಯವಸ್ಥೆ ಮಾಡುವುದು ಮಾಲೀಕರ ಕರ್ತವ್ಯ. ತಲೆಸುತ್ತು, ಮಾತು ತೊದಲುವಿಕೆ, ಮೈ ಕಾದರೂ ಬೆವರು ನಿಲ್ಲುವುದು ಇವು ಕಂಡುಬಂದರೆ ತಣ್ಣೀರಿನಿಂದ ಮೈ ಒರೆಸುತ್ತ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಕಸ, ಒಣ ಎಲೆಗಳನ್ನು ಬೀದಿಯಲ್ಲಿ ಸುಡುವ ಅಭ್ಯಾಸವನ್ನೂ ಈ ತಿಂಗಳುಗಳಲ್ಲಿ ಪೂರ್ಣವಾಗಿ ಬಿಡಬೇಕು.

ವಿಮೆಯ ಮಾತು

ಅಗ್ನಿವಿಮೆ ಕೊನೆಯ ರಕ್ಷಣೆ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆಂದೇ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ (ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗೆ) ಮತ್ತು ‘ಭಾರತ್ ಲಘು ಉದ್ಯಮ ಸುರಕ್ಷಾ’ (5 ಕೋಟಿಯಿಂದ 50 ಕೋಟಿವರೆಗೆ) ಎಂಬ ಏಕರೂಪದ ವಿಮಾಪತ್ರಗಳು ಜಾರಿಯಲ್ಲಿವೆ. ವಿಮೆ ಮಾಡಿಸಿದ ಮೊತ್ತವು ನಿಜವಾದ ಮೌಲ್ಯಕ್ಕಿಂತ ಶೇ. 15ರವರೆಗೆ ಕಡಿಮೆಯಿದ್ದರೆ ಇವುಗಳಲ್ಲಿ ವಿನಾಯಿತಿಯಿದೆ. ಅದನ್ನು ಮೀರಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ದೀಪಾವಳಿಯ ದಾಸ್ತಾನಿನ ಲೆಕ್ಕದಲ್ಲಿ ಮಾಡಿಸಿದ ವಿಮೆ ಮೇ ತಿಂಗಳ ದಾಸ್ತಾನಿಗೆ ಸಾಕೇ ಎಂಬುದನ್ನು ಈಗಲೇ ಪರಿಶೀಲಿಸುವುದು ಒಳಿತು. ದಾಸ್ತಾನು ಪುಸ್ತಕದ ಒಂದು ಪ್ರತಿ ಮಳಿಗೆಯ ಹೊರಗಿರಲಿ. ಸರಕಿನೊಡನೆ ಲೆಕ್ಕವೂ ಸುಟ್ಟರೆ ಹಾನಿಯನ್ನು ಸಾಬೀತುಪಡಿಸುವುದು ಕಷ್ಟ.

ಸದಸ್ಯ ಬಂಧುಗಳಲ್ಲಿ ವಿನಂತಿ

ತಮ್ಮ ಬೀದಿಯ ನಾಲ್ಕೈದು ಮಂದಿ ಒಂದು ಸಂಜೆ ಸೇರಿ ಮೇಲ್ಕಂಡ ಪತ್ರವನ್ನು ಸಿದ್ಧಪಡಿಸಬೇಕೆಂದೂ, ಅದನ್ನು ಸಮೀಪದ ಠಾಣೆಗೆ ತಲುಪಿಸಿ ಅಲ್ಲಿನ ಅಧಿಕಾರಿಗಳನ್ನು ಒಮ್ಮೆ ಬೀದಿಯಲ್ಲಿ ನಡೆದು ನೋಡುವಂತೆ ಆಹ್ವಾನಿಸಬೇಕೆಂದೂ ಸದಸ್ಯರಲ್ಲಿ ವಿನಂತಿ. ಇದಕ್ಕೆ ಬೇಕಾದುದು ಒಂದು ಹಾಳೆ, ಒಂದು ಅಳತೆಯ ಪಟ್ಟಿ ಮತ್ತು ಎರಡು ಗಂಟೆಯ ಸಮಯ. ಹೊಸ ಅಧಿಕಾರಿ ನಮ್ಮ ಬೀದಿಯನ್ನು ಮೊದಲ ಬಾರಿಗೆ ನೋಡುವುದು ಹಗಲಿನ ಬೆಳಕಿನಲ್ಲಿ, ನಮ್ಮ ಜೊತೆಯಲ್ಲಿ ಆಗಲಿ. ನಡುರಾತ್ರಿಯ ಹೊಗೆಯ ನಡುವೆ ಆಗುವುದು ಬೇಡ.