ಗಡಿಯ ಸಣ್ಣ ಊರಿನಲ್ಲಿ ಅಂಗಡಿ ಇಟ್ಟು ಬಾಳುವುದು

ಸಮಾಜ ಬಾಂಧವರು ಮದುವೆ, ಪೂಜೆ, ಪ್ರತಿಷ್ಠೆಗಳಲ್ಲಿ ಸೇರಿದಾಗ "ತಮ್ಮದು ಯಾವ ಊರು?" ಎಂದು ಕೇಳುವುದು ವಾಡಿಕೆ. "ತಳಿ" ಎಂದರೆ ಬಹಳ ಮಂದಿಗೆ ತಿಳಿಯುವುದಿಲ್ಲ. "ಹೊಸೂರಿನ ಹತ್ತಿರ" ಎಂದ ಮೇಲೆ, "ಹಾಗಾದರೆ ಬೆಂಗಳೂರೇ ಅನ್ನಿ" ಎನ್ನುತ್ತಾರೆ. ತಳಿ ಬೆಂಗಳೂರೂ ಅಲ್ಲ, ಪೂರ್ತಿ ಹಳ್ಳಿಯೂ ಅಲ್ಲ. ದೊಡ್ಡ ನಗರದ ನೆರಳು ಬೀಳುವಷ್ಟು ಹತ್ತಿರ, ಅದರ ಅನುಕೂಲ ಸಿಗದಷ್ಟು ದೂರ. ನಮ್ಮ ಸಮಾಜದ ಎಷ್ಟೋ ವ್ಯಾಪಾರಿ ಕುಟುಂಬಗಳು ಇಂಥ ಊರುಗಳಲ್ಲೇ ಬಾಳುತ್ತಿವೆ. ಈ ಬಾಳಿನಲ್ಲಿ ಬರುವುದೇನು, ಹೋಗುವುದೇನು ಎಂಬುದನ್ನು ಖಾತೆ ಪುಸ್ತಕದಂತೆ ಜಮಾ, ಖರ್ಚು ಎರಡೂ ಕಡೆ ಬರೆದು ವಾಚಕರ ಮುಂದಿಡುತ್ತಿದ್ದೇವೆ.

ತಳಿ ತಮಿಳುನಾಡಿನ ಡೆಂಕಣಿಕೋಟೆ ತಾಲ್ಲೂಕಿನ ಊರು. ಹಿಂದೆ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾಗುತ್ತಾ ಬಂದರೂ ಊರು ಇದ್ದಲ್ಲೇ ಇದೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ, ತಂಪು ಗಾಳಿ. ಆಂಗ್ಲರು ಇದನ್ನು 'ಲಿಟಲ್ ಇಂಗ್ಲೆಂಡ್' ಎಂದು ಕರೆಯುತ್ತಿದ್ದರಂತೆ. ಹೊಸೂರಿಗಿಂತ ಕರ್ನಾಟಕದ ಆನೇಕಲ್ಲೇ ಹತ್ತಿರ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಈ ಭಾಗ ಮದರಾಸು ರಾಜ್ಯದಲ್ಲೇ ಉಳಿಯಿತು. ಹೀಗಾಗಿ ಅಂಗಡಿಗೆ ಬರುವ ಒಬ್ಬ ಗಿರಾಕಿ ಕನ್ನಡ, ಇನ್ನೊಬ್ಬ ತೆಲುಗು, ಮತ್ತೊಬ್ಬ ತಮಿಳು ಮಾತಾಡುತ್ತಾನೆ. ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬೆಳೆದ ನಮ್ಮ ಹುಡುಗರು ಮಗ್ಗಿ ಕಲಿಯುವ ಮೊದಲೇ ಮೂರು ಭಾಷೆ ಕಲಿಯುತ್ತಾರೆ.

ಮೊದಲು ಜಮಾ ಕಡೆ ನೋಡೋಣ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗಿರಾಕಿಯ ತಂದೆಯೂ ನಮ್ಮ ತಂದೆಯೂ ವ್ಯವಹಾರ ಮಾಡಿದವರು. ಜೂನ್ ಜುಲೈಯಲ್ಲಿ ರಾಗಿ ಬಿತ್ತುವಾಗ ರೈತನ ಕೈಯಲ್ಲಿ ಕಾಸಿರುವುದಿಲ್ಲ. ಆಗ ಬೇಳೆ, ಬೆಲ್ಲ, ಎಣ್ಣೆ ಎಲ್ಲವೂ ಸಾಲದ ಪುಸ್ತಕಕ್ಕೆ. ನವೆಂಬರ್ ಡಿಸೆಂಬರಿನಲ್ಲಿ ಕುಯಿಲಾಗಿ ಕಣ ಮುಗಿದ ಮೇಲೆ ಲೆಕ್ಕ ತೀರುತ್ತದೆ. ಇದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಅವನಿಗೆ ನಮ್ಮ ತಕ್ಕಡಿಯ ಮೇಲೆ ನಂಬಿಕೆ, ನಮಗೆ ಅವನ ಮಾತಿನ ಮೇಲೆ ನಂಬಿಕೆ. ನಗರದ ದೊಡ್ಡ ಅಂಗಡಿಯಲ್ಲಿ ಇದನ್ನು ಎಷ್ಟು ಬಂಡವಾಳ ಹಾಕಿದರೂ ಕೊಳ್ಳಲಾಗುವುದಿಲ್ಲ.

ಈ ಲೆಕ್ಕದಲ್ಲಿ ಆನೆಗೂ ಒಂದು ಪಾಲುಂಟು ಎಂದರೆ ನಗರದವರು ನಗುತ್ತಾರೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಸರಿಯಾಗಿ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ತಳಿ, ಜವಳಗಿರಿ ಕಾಡುಗಳಿಗೆ ಇಳಿಯುತ್ತದೆ. ರೈತರು ಹೊಲದಲ್ಲಿ ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ತಮಟೆ ಬಡಿದು ರಾತ್ರಿಯಿಡೀ ಕಾಯುತ್ತಾರೆ. ಆದರೂ ಒಂದು ರಾತ್ರಿಯಲ್ಲಿ ಒಂದು ವರ್ಷದ ಅನ್ನ ಹೋದದ್ದುಂಟು. ಪರಿಹಾರಕ್ಕೆ ಅರ್ಜಿ ಹಾಕಿ ಕಾಯಬೇಕು. ಆ ವರ್ಷ ಆ ಮನೆಯ ಲೆಕ್ಕ ನಮ್ಮ ಪುಸ್ತಕದಲ್ಲಿ ಹಾಗೇ ನಿಲ್ಲುತ್ತದೆ. ಬೇಲಿಗೆ ಕರೆಂಟು ಕೊಡುವ ಯೋಚನೆ ಕೆಲವರಿಗೆ ಬರುವುದು ಇಂಥ ಹೊತ್ತಿನಲ್ಲೇ. 2023ರ ಮಾರ್ಚ್‌ನಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಅಂಥ ಬೇಲಿಗೆ ಸಿಕ್ಕಿ ಮೂರು ಆನೆಗಳು ಸತ್ತವು, ಎರಡು ಮರಿಗಳು ತಬ್ಬಲಿಯಾದವು. ಅಹಿಂಸೆಯ ಬಗ್ಗೆ ಉಪದೇಶ ಮಾಡುವುದು ಸುಲಭ. ಬೆಳೆ ಕಳೆದುಕೊಂಡವನಿಗೆ "ಮುಂದಿನ ಕುಯಿಲಿಗೆ ಕೊಡಪ್ಪಾ, ಬಡ್ಡಿ ಬೇಡ" ಎನ್ನುವ ವ್ಯಾಪಾರಿ, ಉಪದೇಶಕ್ಕಿಂತ ಹೆಚ್ಚು ಜೀವ ಉಳಿಸುತ್ತಾನೆ ಎಂಬುದು ನಮ್ಮ ಅಭಿಪ್ರಾಯ.

ಗಡಿಯ ವ್ಯಾಪಾರದಲ್ಲಿ ಇನ್ನೊಂದು ಪರೀಕ್ಷೆಯಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ತೂಕ ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯದಕ್ಕೆ ಕೀಳು ಸರಕು ಬೆರೆಸುವುದು ಎಲ್ಲರಿಗೂ ತಿಳಿದವು. 'ವಿರುದ್ಧರಾಜ್ಯಾತಿಕ್ರಮ' ಎಂಬುದೂ ಅವುಗಳಲ್ಲಿ ಒಂದು. ಅಂದರೆ ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು. ಎರಡು ರಾಜ್ಯಗಳ ಮಾರಾಟ ತೆರಿಗೆ ಬೇರೆ ಬೇರೆಯಾಗಿದ್ದ ಕಾಲದಲ್ಲಿ ಚೆಕ್‌ಪೋಸ್ಟ್ ತಪ್ಪಿಸಿ ಕಾಡುದಾರಿಯಲ್ಲಿ ಸರಕು ತರುವ ಆಸೆ ಗಡಿಯ ಎಲ್ಲ ವ್ಯಾಪಾರಿಗಳ ಎದುರಿಗೂ ಇತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಆ ಭೇದ ಹೋಯಿತು. ಆದರೆ ಬಿಲ್ಲಿಲ್ಲದ ಸರಕಿನ ಆಸೆ ಹೋಗಲಿಲ್ಲ. ಸೂತ್ರಕಾರರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೇಳಿದ್ದು ನಮ್ಮ ಊರಿನ ಅಂಗಡಿಗಳಿಗೇ ಹೇಳಿದಂತಿದೆ!

ಎಲ್ಲ ಲಾಭವೂ ನಮಗೆ ಸಲ್ಲುವುದಿಲ್ಲ. ಈ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾಡುವವರಿದ್ದಾರೆ. ನೂಲು ತೆಗೆಯಲು ಹುಳುವಿರುವಂತೆಯೇ ಗೂಡನ್ನು ಬೇಯಿಸಬೇಕಾದ್ದರಿಂದ ಆ ವ್ಯಾಪಾರ ಶ್ರಾವಕನಿಗೆ ತಕ್ಕದ್ದಲ್ಲ. ಹಾಗೆಂದು ರೇಷ್ಮೆ ರೈತನನ್ನು ಹಳಿಯುವುದೂ ಸಲ್ಲದು. ಅವನೂ ನಮ್ಮ ಗಿರಾಕಿ, ನಮ್ಮ ನೆರೆಯವನು. ನಮ್ಮ ವ್ರತ ನಮಗೆ, ಅವನ ಹೊಟ್ಟೆಪಾಡು ಅವನಿಗೆ. ಬೇರೆಯವರ ನಡುವೆ ಬೇಸರ ಹುಟ್ಟಿಸದೆ ಬಾಳುವ ಈ ಪಾಠವನ್ನು ಸಣ್ಣ ಊರು ಚೆನ್ನಾಗಿ ಕಲಿಸುತ್ತದೆ.

ಈಗ ಖರ್ಚಿನ ಕಡೆ. ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ದರ್ಶನಕ್ಕೆ ಜಿನಮಂದಿರ ಬೇಕೆಂದರೆ ಬಸ್ಸು ಹತ್ತಬೇಕು. ಕೂಲಿಯವರು ಸಾಮಾನಿಗೆ ಬರುವುದು ಸಂಜೆ ಆರರ ಮೇಲೆ. ಸೂರ್ಯಾಸ್ತದೊಳಗೆ ಊಟ ಮುಗಿಸಬೇಕಾದರೆ ತಂದೆ ಮಕ್ಕಳು ಒಬ್ಬರಾದ ಮೇಲೊಬ್ಬರು ಅಂಗಡಿ ಬಿಟ್ಟು ಒಳಗೆ ಓಡಬೇಕು. ಮಕ್ಕಳ ಶಾಲೆಯ ಚಿಂತೆ ಬೇರೆ. 2006ರ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ತಮಿಳು ಕಡ್ಡಾಯವಾಗುತ್ತಾ ಬಂತು. ಇರುವ ನಾಡಿನ ಭಾಷೆ ಕಲಿಯುವುದು ಒಳ್ಳೆಯದೇ. ಆದರೆ ಕನ್ನಡ ಅಕ್ಷರವನ್ನು ಮನೆಯಲ್ಲಿ ನಾವೇ ತಿದ್ದಿಸದಿದ್ದರೆ, ಮುಂದಿನ ಪೀಳಿಗೆ ಈ ಪತ್ರಿಕೆಯ ಚಿತ್ರಗಳನ್ನು ಮಾತ್ರ ನೋಡೀತು.

ಎಲ್ಲಕ್ಕಿಂತ ದೊಡ್ಡ ಖರ್ಚು ಮದುವೆಯದು. ಹುಡುಗ ಒಳ್ಳೆಯವನು, ದುಶ್ಚಟವಿಲ್ಲ, ಸ್ವಂತ ಅಂಗಡಿ, ಸ್ವಂತ ಮನೆ. ಎಲ್ಲ ಒಪ್ಪಿಗೆಯಾಗಿ ಊರಿನ ಹೆಸರು ಬಂದಾಗ ಹೆಣ್ಣಿನ ಕಡೆಯವರು ಮೌನವಾಗುತ್ತಾರೆ. "ಬೆಂಗಳೂರಿಗೆ ಬರುವುದಾದರೆ ನೋಡೋಣ" ಎಂದು ಹೇಳಿಕಳಿಸುತ್ತಾರೆ. ಅವರದು ತಪ್ಪೆನ್ನಲಾಗದು. ಓದಿದ ಹೆಣ್ಣುಮಗಳು ಅಡಿಗೆಮನೆಯಲ್ಲೇ ಕೂರಬೇಕಾದೀತೆಂಬ ಭಯ ಅವರಿಗೆ. ಆದರೆ ಈ ಒಂದು ಕಾರಣಕ್ಕೆ ಎರಡು ಮೂರು ತಲೆಮಾರು ನಡೆದ ಅಂಗಡಿಗಳು ಬಾಗಿಲು ಮುಚ್ಚುತ್ತಿವೆ. ಒಂದು ಮನೆ ಹೋದರೆ ಉಳಿದ ಮನೆಗಳಿಗೆ ಪರ್ವದ ದಿನಗಳಲ್ಲಿ ಜೊತೆ ತಪ್ಪುತ್ತದೆ. ವಿಹಾರದಲ್ಲಿ ಬರುವ ಸಾಧು ಸಾಧ್ವಿಯರಿಗೆ ಆಹಾರ ಕೊಡುವ ಒಂದು ಬಾಗಿಲು ಕಡಿಮೆಯಾಗುತ್ತದೆ.

ಅತ್ತ ನಗರವೇ ನಮ್ಮ ಕಡೆ ಬರುತ್ತಿದೆ. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಆರಂಭವಾಯಿತು. ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟಾನ್ ಕಾರ್ಖಾನೆಗಳು ಬಂದವು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಟ್ರೋ ಬೊಮ್ಮಸಂದ್ರದವರೆಗೆ ಬಂತು. ನಮ್ಮ ಸುತ್ತ ರಾಗಿ ಹೊಲಗಳ ನಡುವೆ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುತ್ತಿದೆ, ಅಲ್ಲಲ್ಲಿ ಸೈಟುಗಳ ಕಲ್ಲು ನೆಡುತ್ತಿದ್ದಾರೆ. ಹೊಸ ಮುಖಗಳು ಅಂಗಡಿಗೆ ಬಂದು ಮೊಬೈಲಿನಲ್ಲಿ ಹಣ ಕಟ್ಟಿ ಹೋಗುತ್ತವೆ. ಅವರಿಗೆ ನಮ್ಮ ತಂದೆಯ ಹೆಸರು ಗೊತ್ತಿಲ್ಲ, ನಮಗೆ ಅವರ ಊರು ಗೊತ್ತಿಲ್ಲ. ಊರಿನ ಕಣ್ಣಿಗೆ ಅಂಜಿ ಸರಿಯಾಗಿ ತೂಗುತ್ತಿದ್ದವನಿಗೆ ಇನ್ನು ಆ ಕಣ್ಣಿಲ್ಲ. ವ್ರತಕ್ಕಾಗಿ ತೂಗುವವನು ಮಾತ್ರ ಅಪರಿಚಿತನಿಗೂ ಸರಿಯಾಗಿ ತೂಗುತ್ತಾನೆ. ಮುಂದಿನ ದಿನಗಳ ನಿಜವಾದ ಪರೀಕ್ಷೆ ಇದೇ.

ಎಲ್ಲರೂ ಸಣ್ಣ ಊರಿನಲ್ಲೇ ಇರಬೇಕೆಂದು ನಾವು ಹೇಳುವುದಿಲ್ಲ. ಹೋಗುವವರು ಹೋಗಲಿ. ಹೋಗುವ ಮುನ್ನ ಕೊಡಬೇಕಾದ್ದನ್ನು ಪೂರ್ತಿ ಕೊಟ್ಟು, ಬರಬೇಕಾದ್ದರಲ್ಲಿ ಬಡವರದನ್ನು ಬಿಟ್ಟು, ಹೆಸರು ಉಳಿಸಿ ಹೋಗಲಿ. ಇರುವವರಿಗೆ ಎರಡು ಮಾತು. ಹತ್ತಿರದ ಊರುಗಳ ನಮ್ಮ ಮನೆಗಳವರು ತಿಂಗಳಿಗೊಮ್ಮೆ ಚತುರ್ದಶಿಯಂದು ಒಂದೊಂದು ಮನೆಯಲ್ಲಿ ಸೇರಿ ಸ್ವಾಧ್ಯಾಯ ಮಾಡಿದರೆ ಒಂಟಿತನ ಕಡಿಮೆಯಾಗುತ್ತದೆ, ಮಕ್ಕಳಿಗೆ ಕನ್ನಡವೂ ಉಳಿಯುತ್ತದೆ. ಸೊಸೆಯಾಗಿ ಬಂದವಳ ಓದಿಗೆ ಅಂಗಡಿಯ ಲೆಕ್ಕಪತ್ರ, ಜಿ.ಎಸ್.ಟಿ., ಖರೀದಿಯಲ್ಲಿ ಜಾಗ ಕೊಡಿ. ಅಷ್ಟಾದರೆ ಹೆಣ್ಣು ಹೆತ್ತವರ ಭಯ ಅರ್ಧ ಹೋಗುತ್ತದೆ. ಅವರಲ್ಲೂ ಒಂದು ವಿನಂತಿ: ಊರಿನ ಹೆಸರು ಕೇಳಿ ಮಾತು ನಿಲ್ಲಿಸಬೇಡಿ. ಒಮ್ಮೆ ಬಂದು ಎರಡು ದಿನ ಇದ್ದು, ಅಂಗಡಿಯ ಮುಂದೆ ನಿಂತ ಜನ ಆ ಮನೆಯವರನ್ನು ಹೇಗೆ ಮಾತಾಡಿಸುತ್ತಾರೆಂದು ನೋಡಿ, ಆಮೇಲೆ ತೀರ್ಮಾನಿಸಿ.